ಹಿಂದಿನ ಸಾಲು, ಎಡದಿಂದ ಎರಡನೆಯವನು

ಕಂಪನಿಗಳ ನಕ್ಷೆ, ಕಾಗದಪತ್ರ ಕಾಯುವ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸಕ್ಕೆಂದು ಊರಿನಿಂದ ಹೊಸದಾಗಿ ಕುವೈತಿಗೆ ಬಂದಿರುವ ಕೆಲವರು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ‘ಮೂವತ್ತು ವರ್ಷದ ಮೇಲೆ ಇದೇ ಕೆಲಸ ಮಾಡಿದವರು ನೀವು, ನಮಗೆ ಉಪಯೋಗಕ್ಕೆ ಬರುವ ಹಾಗೆ ನಾಲ್ಕು ಮಾತು ಬರೆದು ಕೊಡಿ’ ಎಂದರು. ನಾನು ನಿವೃತ್ತನಾಗಿ ಕೂತಿದ್ದೇನೆ. ಈ ದೇಶದಲ್ಲಿ ಇರಲು ಕೊಟ್ಟ ಇಕಾಮಾ ಮುಗಿಯಲು ಎರಡು ತಿಂಗಳು ಉಳಿದಿದೆ, ಹವಲ್ಲಿಯ ಈ ಫ್ಲ್ಯಾಟಿನಲ್ಲಿ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿದೆ. ಬರೆಯಲು ಸಮಯವಿಲ್ಲ ಎನ್ನುವ ಹಾಗಿಲ್ಲ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಡ್ತಿ ಸಿಕ್ಕಿದಾಗಲೆಲ್ಲ ಆದದ್ದು ಇಷ್ಟೇ, ಕುರ್ಚಿಗೆ ಕೈ ಬಂತು, ಬೈಗುಳ ಕೇಳುವ ಬಾಗಿಲು ಬದಲಾಯಿತು. ಈ ಕೆಲಸದಲ್ಲಿ ಕೈ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ನಿಮಗೆ ಹೇಳುವವರು ಸಿಗುತ್ತಾರೆ. ನಾನೂ ಹಾಗೆಯೇ ನಂಬಿಕೊಂಡಿದ್ದೆ. ನನ್ನ ಕೈ ತಪ್ಪಿ ಅಮೆರಿಕದ ಒಂದು ಸಣ್ಣ ಊರಿನ, ತೊಂಬತ್ತರ ಹತ್ತಿರದ ಹೆಂಗಸೊಬ್ಬಳು ತನ್ನ ಅಪ್ಪನನ್ನು ಕಳೆದುಕೊಂಡಳು. ಅಪ್ಪ ಸತ್ತು ಎಂಬತ್ತು ವರ್ಷವಾದ ಮೇಲೆ. ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಿ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ, ಆದರೆ ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಸೇರಿದಾಗ ನಮ್ಮಲ್ಲಿ ಸ್ಕ್ಯಾನರ್ ಇರಲಿಲ್ಲ. ಮೀನಾ ಅಲ್ ಅಹ್ಮದಿಯ ರಿಫೈನರಿ ಕಡೆಯಿಂದ ಪೈಪು, ಪಂಪುಗಳ ನಕ್ಷೆಗಳು ಉದ್ದುದ್ದ ಕೊಳವೆಗಳಲ್ಲಿ ಬರುತ್ತಿದ್ದವು, ನಾವು ಅಮೋನಿಯಾ ಯಂತ್ರದಲ್ಲಿ ಅವುಗಳ ನೀಲಿ ಪ್ರತಿ ತೆಗೆದು ಕೊಡುತ್ತಿದ್ದೆವು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಹೆಂಡತಿ ಸುನಂದಾ ನನ್ನ ಅಂಗಿಗಳನ್ನು ಬೇರೆ ಬಾಲ್ದಿಯಲ್ಲಿ ಒಗೆಯುತ್ತಿದ್ದಳು. ‘ನೀವು ನಿಜವಾಗ್ಲೂ ಆಫೀಸಿಗೇ ಹೋಗುದಾ, ಅಲ್ಲ ಎಲ್ಲಿಯಾದ್ರೂ ಕಕ್ಕಸು ತೊಳಿಲಿಕ್ಕೆ ಹೋಗುದಾ?’ ಎಂದು ಕೇಳಿದ್ದಳು. ಅಮೋನಿಯಾದ ನಾತ ಅಂಥದ್ದು.

ಆಮೇಲೆ ಸ್ಕ್ಯಾನರ್ ಬಂತು, ಅದರ ಜೊತೆಗೆ ಉಸ್ತಾದ್ ಸಾಮಿ ಬಂದರು. ಈಜಿಪ್ಟಿನವರು, ನಮ್ಮ ಮೇಲ್ವಿಚಾರಕರು. ಕೈಯಲ್ಲಿ ಸದಾ ಒಂದು ಉಕ್ಕಿನ ಸ್ಕೇಲು. ಅವರು ನಮಗೆ ಕಲಿಸಿದ್ದು ಒಂದೇ ಪಾಠ: ‘ಹಿಬ್ರ್ ತಹ್ತ್’, ಅಂದರೆ ಶಾಯಿ ಕೆಳಗೆ. ನಕ್ಷೆಯ ಶಾಯಿ ಇರುವ ಮೈ ಸ್ಕ್ಯಾನರಿನ ಗಾಜಿಗೆ ತಾಗಬೇಕು. ಟ್ರೇಸಿಂಗ್ ಹಾಳೆ ಪಾರದರ್ಶಕ, ತಿರುಗಿಸಿ ಇಟ್ಟರೂ ಚಿತ್ರ ಬರುತ್ತದೆ, ಆದರೆ ಎಡ ಬಲವಾಗುತ್ತದೆ. ನಾನು ಒಮ್ಮೆ ಹಾಗೆ ಇಟ್ಟಿದ್ದೆ. ಎಡಗಡೆ ಇರಬೇಕಾದ ಪಂಪು ಬಲಗಡೆ ಹೋಗಿ ಕೂತಿತ್ತು. ಉಸ್ತಾದ್ ಸ್ಕೇಲಿನಿಂದ ಮೇಜಿಗೆ ಹೊಡೆದು, ಪರದೆಯ ಮೇಲೆ ಉಲ್ಟಾ ಬಂದ ಅಕ್ಷರಗಳನ್ನು ತೋರಿಸಿದರು. ‘ಅಕ್ಷರ ನೋಡು. ಅಕ್ಷರ ನೆಟ್ಟಗಿದ್ದರೆ ಎಲ್ಲ ನೆಟ್ಟಗೆ.’ ಆ ದಿನದಿಂದ ಶಾಯಿಯ ಮೈಯನ್ನು ಕೆಳಗೆ ಇಡುವುದು ನನ್ನ ಕೈಗೆ ಎಷ್ಟು ಅಭ್ಯಾಸವಾಯಿತೆಂದರೆ, ಮನೆಯಲ್ಲಿ ಓದುತ್ತಿದ್ದ ಪೇಪರನ್ನೂ ಕವುಚಿಯೇ ಇಡುತ್ತಿದ್ದೆ.

ನಮ್ಮ ಯಜಮಾನ, ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲ್ ಕೂಡ, ಅಬು ಫಹದ್. ಬ್ನೇದ್ ಅಲ್ ಗಾರ್‌ನಲ್ಲಿ ಸಮುದ್ರ ಕಾಣುವ ಮನೆ. ಪ್ರಾಯದಲ್ಲಿ ಅಮೆರಿಕದ ಯಾವುದೋ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಬಂದವರು. ಎಣ್ಣೆಯ ದುಡ್ಡು ನೋಡಿದ ಎಷ್ಟೋ ಜನರನ್ನು ನಾನು ನೋಡಿದ್ದೇನೆ, ಕಾರು, ಗಿಡುಗ, ಕುದುರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಇವರಿಗೆ ತಮ್ಮ ಕಾಲೇಜಿನ ಫುಟ್‌ಬಾಲಿನ ಹುಚ್ಚು. ಅದು ನಮ್ಮ ಫುಟ್‌ಬಾಲ್ ಅಲ್ಲ. ಎರಡು ತುದಿ ಚೂಪಾದ ಚರ್ಮದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು, ಓಡುವವನ ಮೇಲೆ ಉಳಿದವರೆಲ್ಲ ಬೀಳುವುದು. ನನ್ನ ಜೊತೆ ಸ್ಕ್ಯಾನಿಂಗ್ ಮಾಡುತ್ತಿದ್ದ ಐವನ್, ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್, ಮೊದಲ ಸಲ ವಿಡಿಯೊ ನೋಡಿ ‘ಇದಕ್ಕಿಂತ ನಮ್ಮ ಊರಿನ ಬಸ್ಸು ಹತ್ತುದೇ ಕಷ್ಟ ಸದಣ್ಣ’ ಎಂದಿದ್ದ.

ಆ ಕಾಲೇಜಿನ ಊರಿನಲ್ಲಿ ಒಂದು ಹಳೆಯ ಫೋಟೋ ಸ್ಟುಡಿಯೊ ಮುಚ್ಚಿತು. ಅದರ ಗಾಜಿನ ಪ್ಲೇಟುಗಳನ್ನು ಹರಾಜಿನಲ್ಲಿ ಅಬು ಫಹದ್ ಕೊಂಡರು. ಫಿಲಂ ಬರುವ ಮೊದಲು ಫೋಟೋ ತೆಗೆಯುತ್ತಿದ್ದದ್ದು ಗಾಜಿನ ಮೇಲೆ. ಗಾಜಿನ ಒಂದು ಮೈಗೆ ಬೆಳಕಿನ ಮದ್ದು ಹಚ್ಚಿರುತ್ತಾರೆ, ಅದರ ಮೇಲೆ ಚಿತ್ರ ಮೂಡುತ್ತದೆ. ಕಳೆದ ಶತಮಾನದ ಆರಂಭದ ಇಪ್ಪತ್ತು ವರ್ಷಗಳ ಆಟಗಾರರೆಲ್ಲ ಮರದ ಪೆಟ್ಟಿಗೆಗಳಲ್ಲಿ ಹುಲ್ಲು ಸುತ್ತಿಕೊಂಡು ಹವಲ್ಲಿಯ ನಮ್ಮ ಆಫೀಸಿಗೆ ಬಂದು ಇಳಿದರು. ಜೊತೆಗೆ ಸ್ಟುಡಿಯೊದ ಒಂದು ದಪ್ಪ ರಿಜಿಸ್ಟರು, ಅದರಲ್ಲಿ ಪ್ಲೇಟಿನ ನಂಬರಿನ ಎದುರು ಹೆಸರುಗಳು, ಸಾಲು ಸಾಲಾಗಿ, ಎಡದಿಂದ.

ಅಬು ಫಹದ್ ನನ್ನನ್ನು ಕರೆದು ಒಂದು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ನಮ್ಮೊಡನೆ ಮಾತಾಡುತ್ತಿದ್ದ ಭಾಷೆಯಲ್ಲಿ ಹಿಂದಿ, ಇಂಗ್ಲಿಷ್, ಅರಬಿ ಎಲ್ಲ ಇತ್ತು. ‘ನೋಡು ಸದಾ. ನಾಯಕನ ಹೆಸರು ಕಾಲೇಜಿನ ಗೋಡೆ ಮೇಲೆ ಉಂಟು. ಬಾಕಿಯವರು ಖಲಾಸ್. ಮೂಗು ಒಡೆಸಿಕೊಂಡರು, ಮೊಣಕಾಲು ಮುರಿಸಿಕೊಂಡರು, ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬನ ಮುಖಕ್ಕೂ ಹೆಸರು ಹಾಕು. ಕಾಲೇಜಿಗೆ ನನ್ನ ಕಡೆಯಿಂದ ಕೊಡುವುದು.’ ಅವರ ಕಣ್ಣಲ್ಲಿ ನೀರಿತ್ತು. ಈ ಮನುಷ್ಯ ಕೆಟ್ಟವರಲ್ಲ, ಇದನ್ನು ನೆನಪಿಡಿ.

ಎರಡು ವರ್ಷ ನಾನೂ ಐವನ್ನೂ ಆ ಕೆಲಸ ಮಾಡಿದೆವು. ನನ್ನ ಇಡೀ ವೃತ್ತಿಯಲ್ಲಿ ನಾನು ಇಷ್ಟಪಟ್ಟು ಮಾಡಿದ ಕೆಲಸ ಅದೊಂದೇ. ಪಂಪು ಪೈಪು ನೋಡಿ ಸವೆದ ಕಣ್ಣಿಗೆ ಮನುಷ್ಯರ ಮುಖ ಸಿಕ್ಕಿತ್ತು. ಆಗ ತಲೆಗೆ ಗಟ್ಟಿ ಟೊಪ್ಪಿ ಇರಲಿಲ್ಲ, ಮೂಗಿಗೆ ರಬ್ಬರಿನ ಕವಚ, ಅದನ್ನು ಫೋಟೋಕ್ಕೆ ಕೂರುವಾಗ ಕುತ್ತಿಗೆಗೆ ಇಳಿಬಿಟ್ಟುಕೊಂಡಿದ್ದಾರೆ. ಬೆರಳು ಸೊಟ್ಟಗಾದವರು, ಕಿವಿ ಜಜ್ಜಿಹೋದವರು, ಕಣ್ಣ ಸುತ್ತ ಕಪ್ಪಾದದ್ದನ್ನು ಅಡಗಿಸಲು ಮುಖ ತಿರುಗಿಸಿದವರು. ಇಪ್ಪತ್ತು ವರ್ಷದವರು, ನೋಡಿದರೆ ನಲವತ್ತು. ಒಬ್ಬೊಬ್ಬರ ಮುಖದ ಮೇಲೆ ಚೌಕ ಎಳೆದು, ರಿಜಿಸ್ಟರಿನಿಂದ ಹೆಸರು ಓದಿ ಹಾಕುವಾಗ ನನಗೆ ಎಂಥದ್ದೋ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅನಿಸುತ್ತಿತ್ತು. ಊಟಕ್ಕೆ ಏಳಲು ಮನಸ್ಸಾಗುತ್ತಿರಲಿಲ್ಲ.

ಈಗ ತಪ್ಪಿನ ವಿಷಯ. ಗಾಜಿನ ಪ್ಲೇಟಿಗೆ ಎರಡು ಮೈ. ಒಂದು ಹೊಳೆಯುವ ಬರಿಗಾಜು, ಇನ್ನೊಂದು ಮದ್ದು ಹಚ್ಚಿದ ಮಂಕು ಮೈ. ಚಿತ್ರ ಇರುವುದು ಮಂಕು ಮೈಯಲ್ಲಿ. ಚಿತ್ರ ಇರುವ ಮೈ ಕೆಳಗೆ ಎಂದು ನನ್ನ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ, ಹಾಗೇ ಇಟ್ಟೆ. ಆದರೆ ಕ್ಯಾಮರಾದೊಳಗೆ ಮದ್ದಿನ ಮೈ ಮನುಷ್ಯರ ಕಡೆ ಮುಖ ಮಾಡಿರುತ್ತದೆ, ಅದನ್ನು ನೋಡಬೇಕಾದದ್ದು ಹಿಂದಿನಿಂದ, ಗಾಜಿನ ಮೂಲಕ. ಅಂದರೆ ಹೊಳೆಯುವ ಮೈ ಕೆಳಗಿರಬೇಕು. ನಕ್ಷೆಗೆ ಸರಿಯಾದದ್ದು ಪ್ಲೇಟಿಗೆ ತಪ್ಪು. ನಾನು ಇಟ್ಟ ಪ್ರತಿಯೊಂದು ಪ್ಲೇಟಿನಲ್ಲೂ ಎಡದವನು ಬಲಕ್ಕೆ ಹೋದ, ಬಲದವನು ಎಡಕ್ಕೆ ಬಂದ, ನಾನು ಎಡದಿಂದ ಹೆಸರು ಹಾಕುತ್ತ ಹೋದೆ.

ಯಾಕೆ ಗೊತ್ತಾಗಲಿಲ್ಲ ಎಂದರೆ ನೋಡಲು ಅಕ್ಷರವೇ ಇರಲಿಲ್ಲ. ಆ ಕಾಲದ ಅಂಗಿಗಳ ಮೇಲೆ ನಂಬರು ಹಾಕುತ್ತಿರಲಿಲ್ಲ. ಎದೆಯ ಮೇಲೆ ಕಾಲೇಜಿನ ಗುರುತು ಮಾತ್ರ, ಅದು ಯಾವ ಕಡೆಯಿಂದ ನೋಡಿದರೂ ಒಂದೇ ಥರ. ಪ್ಲೇಟಿನ ನಂಬರು ಕಾಗದದ ಲಕೋಟೆಯ ಮೇಲಿತ್ತು. ಇನ್ನೊಂದು ವಿಷಯವೂ ಉಂಟು. ಸಾಲಿನ ನಡುವೆ ಕೂತವನು ಹೇಗೆ ತಿರುಗಿಸಿದರೂ ನಡುವೆಯೇ ಇರುತ್ತಾನೆ. ನಾಯಕ ಯಾವಾಗಲೂ ನಡುವೆ, ತೊಡೆಯ ಮೇಲೆ ಚೆಂಡು ಇಟ್ಟುಕೊಂಡು. ಕಾಲೇಜಿನವರಿಗೆ ಗೊತ್ತಿದ್ದದ್ದು ನಾಯಕರ ಮುಖ ಮಾತ್ರ, ಅದು ಪ್ರತಿಸಲವೂ ಸರಿಯಾಗಿತ್ತು. ಅಂಚಿನಲ್ಲಿ ನಿಂತವರು ಅದಲುಬದಲಾದದ್ದನ್ನು ಹೇಳಲು ಯಾರಿಗೂ ಅವರ ಪರಿಚಯವಿರಲಿಲ್ಲ.

ಐವನ್ ಬೇರೆ ಥರ. ಮದ್ದಿಗೆ ಗೀರು ಬಿದ್ದರೆ ಬೈಸಿಕೊಳ್ಳಬೇಕು ಎಂಬ ಒಂದೇ ಹೆದರಿಕೆಯಿಂದ ಅವನು ಮಂಕು ಮೈಯನ್ನು ಮೇಲಿಟ್ಟ, ಅವನದ್ದೆಲ್ಲ ಸರಿಯಾಯಿತು. ಇಬ್ಬರೂ ಪಕ್ಕಪಕ್ಕ ಕೂತು ಎರಡು ವರ್ಷ ಎರಡು ರೀತಿ ಪ್ಲೇಟು ಇಟ್ಟೆವು, ಒಬ್ಬರು ಇನ್ನೊಬ್ಬರ ಕೈ ನೋಡಲಿಲ್ಲ. ಮೇಲಾಗಿ ಕಂಪ್ಯೂಟರಿಗೆ ಇಬ್ಬರದೂ ಒಂದೇ ಪಾಸ್‌ವರ್ಡು. ಎರಡು ಇಟ್ಟುಕೊಂಡರೆ ಮರೆತುಹೋಗುತ್ತದೆ ಎಂದು ನಾನೇ ಹಾಗೆ ಮಾಡಿದ್ದು. ಯಾವುದು ಅವನು ಮಾಡಿದ್ದು, ಯಾವುದು ನಾನು ಎಂದು ಎಲ್ಲೂ ದಾಖಲಾಗಲಿಲ್ಲ. ಈ ಹವಲ್ಲಿಯಲ್ಲಿ ಈಗಲೂ ಎಷ್ಟೋ ಆಫೀಸುಗಳಲ್ಲಿ ಒಂದೇ ಪಾಸ್‌ವರ್ಡಿನಲ್ಲಿ ಐದು ಜನ ಕೆಲಸ ಮಾಡುತ್ತಿದ್ದೀರಿ. ನಾಳೆಯೇ ಬದಲಾಯಿಸಿ.

ಇನ್ನು ನನ್ನ ಬುದ್ಧಿವಂತಿಕೆಯ ಕಥೆ. ಅಬು ಫಹದ್ ನಮಗೆ ಒಂದು ವಿಷಯ ಹೇಳಿದ್ದರು. ಆ ಕಾಲದಲ್ಲಿ ಕೆಲವು ತಂಡಗಳು ಕಾಲೇಜಿಗೆ ಸೇರದ ಗಟ್ಟಿಗರನ್ನು, ಗಣಿಯವರನ್ನೋ ರೈಲ್ವೆಯವರನ್ನೋ, ಬಾಡಿಗೆಗೆ ತಂದು ಸುಳ್ಳು ಹೆಸರಿನಲ್ಲಿ ಆಡಿಸುತ್ತಿದ್ದವಂತೆ. ಅದು ನನ್ನ ತಲೆಯಲ್ಲಿ ಕೂತಿತ್ತು. ಒಂದು ದಿನ ಜಜ್ಜಿದ ಕಿವಿಯ ಗಿಡ್ಡ ಮನುಷ್ಯನೊಬ್ಬ ಎರಡು ಪ್ಲೇಟಿನಲ್ಲಿ ಸಿಕ್ಕಿದ. ಮೊದಲ ವರ್ಷದ ಪ್ಲೇಟಿನಲ್ಲಿ ಅವನ ಹೆಸರು ಹೋಮರ್ ಟ್ರಾಸ್ಕ್, ಹಿಂದಿನ ಸಾಲು, ಎಡದಿಂದ ಎರಡನೆಯವನು. ಮರುವರ್ಷದ ಪ್ಲೇಟಿನಲ್ಲಿ ಅದೇ ಮುಖಕ್ಕೆ ಡೆಲ್ ಎಂಬ ಹೆಸರು. ಒಬ್ಬ ಮನುಷ್ಯ, ಎರಡು ಹೆಸರು. ಬಾಡಿಗೆಯವನು ಸಿಕ್ಕಿಬಿದ್ದ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ಕಿವಿ ಒಂದರಲ್ಲಿ ಎಡಗಡೆ ಜಜ್ಜಿತ್ತು, ಇನ್ನೊಂದರಲ್ಲಿ ಬಲಗಡೆ. ನಾನು ಅದನ್ನು ನೋಡಿದ್ದೆ. ನೋಡಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಒಂದು ವರ್ಷದಲ್ಲಿ ಇನ್ನೊಂದು ಕಿವಿಯೂ ಜಜ್ಜಿರಬಹುದು ಎಂದುಕೊಂಡು ಮುಂದೆ ಹೋದೆ.

ಅಬು ಫಹದ್ ಕಾಲೇಜಿಗೆ ಬರೆದು ಟ್ರಾಸ್ಕ್ ಎಂಬ ವಿದ್ಯಾರ್ಥಿಯ ದಾಖಲೆ ಕೇಳಿದರು. ಆ ವರ್ಷದ ದಾಖಲೆ ಸಿಗಲಿಲ್ಲ ಎಂದು ಉತ್ತರ ಬಂತು. ಸಿಗಲಿಲ್ಲ ಎಂಬುದನ್ನು ನಾವು ಇರಲಿಲ್ಲ ಎಂದು ಓದಿಕೊಂಡೆವು. ನಾವು ಹೆಸರು ಹಾಕಿದ ಫೋಟೋಗಳನ್ನು ಅವರು ಮೊದಲಿನಿಂದಲೂ ಒಂದು ವೆಬ್‌ಸೈಟಿಗೆ ಏರಿಸುತ್ತಿದ್ದರು, ಈಗ ದೊಡ್ಡ ಲೇಖನ ಬರೆದು ಅದಕ್ಕೇ ಹಾಕಿದರು: ಹೋಮರ್ ಟ್ರಾಸ್ಕ್ ಎಂಬ ಮನುಷ್ಯನೇ ಇರಲಿಲ್ಲ, ಅದು ಬಾಡಿಗೆ ಆಟಗಾರನೊಬ್ಬನ ಸುಳ್ಳು ಹೆಸರು. ಕಾಲೇಜಿನವರು ಅವರನ್ನು ಕರೆಸಿ ಸನ್ಮಾನ ಮಾಡಿದರು. ವಾಪಸು ಬಂದು ಟ್ರಾಸ್ಕ್ ಹೆಸರಿದ್ದ ಆ ಮೊದಲ ಪ್ಲೇಟಿನ ದೊಡ್ಡ ಪ್ರಿಂಟಿಗೆ ಚೌಕಟ್ಟು ಹಾಕಿಸಿ ನನಗೆ ಕೊಟ್ಟರು. ನಾನು ಅದನ್ನು ಹವಲ್ಲಿಯ ಮನೆಯ ಹಾಲಿನಲ್ಲಿ ಮೊಳೆ ಹೊಡೆದು ತೂಗು ಹಾಕಿದೆ.

ಮೂರು ತಿಂಗಳ ನಂತರ ಆಫೀಸಿಗೆ ಒಂದು ಇಮೇಲ್ ಬಂತು. ರುತ್ ಎಂಬ ಮುದುಕಿ ಹೇಳಿ, ಮಗಳ ಕೈಯಲ್ಲಿ ಬರೆಸಿದ್ದು: ಹೋಮರ್ ಟ್ರಾಸ್ಕ್ ನನ್ನ ಅಪ್ಪ, ನನಗೆ ಆರು ವರ್ಷವಾಗಿದ್ದಾಗ ತೀರಿಕೊಂಡರು. ಮನೆಗೆ ಬೆಂಕಿ ಬಿದ್ದು ಅವರ ಒಂದು ಫೋಟೋವೂ ಉಳಿಯಲಿಲ್ಲ. ಕಾಲೇಜಿನಲ್ಲಿ ಒಂದು ವರ್ಷ ಫುಟ್‌ಬಾಲ್ ಆಡಿದ್ದೆ ಎಂದು ಹೇಳುತ್ತಿದ್ದರು. ನಿಮ್ಮ ವೆಬ್‌ಸೈಟಿನಲ್ಲಿ ಅವರ ಹೆಸರು ನೋಡಿ ಆ ಮುಖದ ಪ್ರತಿ ತೆಗೆಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡೆ. ನನಗೆ ನೆನಪಿರುವ ಅಪ್ಪ ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಿದ್ದರು, ಫೋಟೋದವರು ಗಿಡ್ಡ, ಆದರೂ ನನಗೆ ಆಗ ಆರೇ ವರ್ಷವಲ್ಲವೆ ಎಂದು ಸಮಾಧಾನ ಮಾಡಿಕೊಂಡೆ. ಈಗ ನೀವು ಅಂಥ ಮನುಷ್ಯನೇ ಇರಲಿಲ್ಲ ಎನ್ನುತ್ತೀರಿ. ಹಾಗಾದರೆ ನನ್ನ ಅಮ್ಮ ಮದುವೆಯಾದದ್ದು ಯಾರನ್ನು? ದಯಮಾಡಿ ಇನ್ನೊಮ್ಮೆ ನೋಡುತ್ತೀರಾ?

ಅಬು ಫಹದ್ ಅದನ್ನು ನನ್ನ ಕಡೆ ತಳ್ಳಿ, ‘ಮರ್ಯಾದೆಯಿಂದ ಉತ್ತರ ಬರಿ’ ಎಂದರು. ಬರೆದೆ. ನಮ್ಮ ಪರಿಶೀಲನೆ ಖಚಿತವಾಗಿದೆ, ಬಾಡಿಗೆ ಆಟಗಾರರು ಎಷ್ಟೋ ಸಲ ಅದೇ ಸುಳ್ಳು ಹೆಸರಿನಲ್ಲಿ ಉಳಿದ ಜೀವನವನ್ನೂ ಕಳೆಯುತ್ತಿದ್ದರು, ಆರು ವರ್ಷದ ಮಗುವಿನ ನೆನಪು ಪೂರ್ತಿ ನಂಬುವಂಥದ್ದಲ್ಲ, ನಿಮ್ಮ ನೋವಿಗೆ ವಿಷಾದಿಸುತ್ತೇವೆ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿದ್ದೆ. ಐವನ್‌ಗೆ ಓದಿ ಹೇಳಿದೆ, ಅವನು ಲಾಯರ್ ಬರೆದ ಹಾಗೆ ಉಂಟು ಎಂದ. ಮೇಲಿನ ಸಾಲನ್ನು ಬರೆಯುವಾಗ ಈಗ ನನ್ನ ಕೈ ನಾಚುತ್ತಿದೆ.

ಸುನಂದಾ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ಹವಲ್ಲಿಯ ನಮ್ಮ ಕಟ್ಟಡದ ಹೆಂಗಸರ ಬ್ಲೌಸು, ಗಂಡಸರ ಕೋಟು ಪ್ಯಾಂಟಿನ ರಿಪೇರಿ. ಒಂದು ಶುಕ್ರವಾರ ಮಧ್ಯಾಹ್ನ ಹಾಲಿನಲ್ಲಿ ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದವಳು ತಲೆಯೆತ್ತಿ ಗೋಡೆಯ ಫೋಟೋ ನೋಡಿದಳು. ಆಟಗಾರರ ಪಕ್ಕ ತುದಿಯಲ್ಲಿ ಅವರ ತರಬೇತುದಾರ ಕೋಟು ಹಾಕಿಕೊಂಡು ನಿಂತಿದ್ದಾನೆ.

‘ಇವ ಯಾಕೆ ಹೆಂಗಸರ ಕೋಟು ಹಾಕಿದ್ದು?’ ಎಂದಳು.

‘ಎಂತ ಹೆಂಗಸರ ಕೋಟು, ಅವ ಅವರ ಕೋಚ್.’

‘ಕೋಚ್ ಆದ್ರೆ ಏನು? ಗಂಡಸರ ಕೋಟಿಗೆ ಗುಂಡಿ ಬಲಕ್ಕೆ, ಕಾಜು ಎಡಕ್ಕೆ. ಇಲ್ಲಿ ಉಲ್ಟಾ ಉಂಟು. ಎದೆಯ ಕಿಸೆ ಸಹ ಬಲಕ್ಕುಂಟು ನೋಡಿ. ಗಂಡಸರಿಗೆ ಯಾರೂ ಅಲ್ಲಿ ಕಿಸೆ ಇಡುದಿಲ್ಲ.’

ನಾನು ಎದ್ದು ಹತ್ತಿರ ಹೋದೆ. ಅವಳ ಮಡಿಲಲ್ಲಿದ್ದ ಕೋಟನ್ನು ತೆಗೆದುಕೊಂಡು ಫೋಟೋದ ಪಕ್ಕ ಹಿಡಿದೆ. ಕೋಟಿನಲ್ಲಿ ಎಡಕ್ಕಿದ್ದದ್ದೆಲ್ಲ ಫೋಟೋದಲ್ಲಿ ಬಲಕ್ಕಿತ್ತು. ಅವಳು ‘ಎಂತಾಯ್ತು, ಕೂತ್ಕೊಳ್ಳಿ’ ಎಂದಳು. ನನಗೆ ಕೂರಲೂ ಆಗಲಿಲ್ಲ.

ಮರುದಿನ ಆಫೀಸಿನಲ್ಲಿ ಆ ಪ್ಲೇಟು ತೆಗೆದು ಮೂಲೆಯನ್ನು ಉಗುರಿನಿಂದ ಮುಟ್ಟಿ ನೋಡಿದೆ. ಮದ್ದಿನ ಮೈ ಒರಟು, ಗಾಜಿನ ಮೈ ನುಣುಪು. ಸರಿಯಾಗಿ ಇಟ್ಟು ಮತ್ತೆ ಸ್ಕ್ಯಾನ್ ಮಾಡಿದೆ. ಜಜ್ಜಿದ ಕಿವಿಯವನು ಬಲದಿಂದ ಎರಡನೆಯ ಜಾಗಕ್ಕೆ ಹೋದ, ರಿಜಿಸ್ಟರಿನಲ್ಲಿ ಆ ಜಾಗಕ್ಕೆ ಡೆಲ್ ಎಂದೇ ಬರೆದಿತ್ತು. ಮರುವರ್ಷದ ಪ್ಲೇಟು ಐವನ್ ಇಟ್ಟದ್ದಿರಬೇಕು, ಅದು ಸರಿಯಾಗಿಯೇ ಇತ್ತು. ಅವನು ಎರಡು ವರ್ಷವೂ ಡೆಲ್ಲೇ. ಎಡದಿಂದ ಎರಡನೆಯ ಜಾಗಕ್ಕೆ ಬೇರೊಬ್ಬ ಬಂದ, ಉಳಿದವರಿಗಿಂತ ಒಂದು ತಲೆ ಎತ್ತರ, ಪಕ್ಕದವನಿಗೆ ಏನೋ ಹೇಳಲು ಹೊರಟವನ ಹಾಗೆ ಬಾಯಿ ಸ್ವಲ್ಪ ತೆರೆದಿದೆ. ಅವನೇ ಹೋಮರ್ ಟ್ರಾಸ್ಕ್. ಮುದುಕಿ ಹೇಳಿದ್ದು ಅಕ್ಷರಶಃ ನಿಜ. ಅವನು ಇದ್ದ, ಎತ್ತರವಾಗಿದ್ದ, ಯಾರಿಗೂ ಮೋಸ ಮಾಡಿರಲಿಲ್ಲ.

ಐವನ್‌ಗೆ ಹೇಳಿದೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

‘ಸದಣ್ಣ, ಅರ್ಧಕ್ಕರ್ಧ ಹೀಗೇ ಉಂಟು ಅಂತಾಯ್ತು.’

‘ಹೌದು.’

‘ಇದು ಹೊರಗೆ ಬಂದ್ರೆ ಅಬು ಫಹದ್ ಮರ್ಯಾದೆ ಹೋಗ್ತದೆ. ಅವರ ಮರ್ಯಾದೆ ಹೋದ್ರೆ ನಮ್ಮ ಇಕಾಮಾ ಹೋಗ್ತದೆ. ನನ್ನ ಮಗಳು ಹನ್ನೆರಡನೇ ಕ್ಲಾಸು, ಅಣ್ಣ. ಆ ಅಜ್ಜಿಗೆ ಹೇಗೂ ಪ್ರಾಯ ಆಯ್ತು.’

ನನ್ನ ಮಗಳೂ ಆಗ ಓದುತ್ತಿದ್ದಳು. ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಆದರೂ ಒಂದು ವಾರ ಒದ್ದಾಡಿ, ಎರಡು ಪ್ರಿಂಟುಗಳನ್ನು ತೆಗೆದುಕೊಂಡು ಅಬು ಫಹದ್ ಅವರ ಮನೆಗೆ ಹೋದೆ. ಅವರಿಗೆ ಕಿಡ್ನಿಯ ಕಾಯಿಲೆ ಶುರುವಾಗಿತ್ತು, ಆಫೀಸಿಗೆ ಬರುವುದು ಕಡಿಮೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಲಿಲ್ಲ.

‘ಸದಾ, ಆ ದಿನ ಆ ಸಭೆಯಲ್ಲಿ ಎಲ್ಲರೂ ನನಗಾಗಿ ಎದ್ದು ನಿಂತರು. ನಾನು ಓದುವಾಗ ಅಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳಲಿಕ್ಕೂ ಯಾರಿಗೂ ಬರುತ್ತಿರಲಿಲ್ಲ. ಅದೊಂದು ನನಗಿರಲಿ. ನಾನು ಹೋದ ಮೇಲೆ ನಿನಗೆ ಸರಿ ಕಂಡದ್ದು ಬರಿ. ಅಲ್ಲಿವರೆಗೆ ಬೇಡ.’

‘ಆ ಹೆಂಗಸಿಗೆ ಮಾತ್ರ ಬರೆಯಲಾ, ಅಬು ಫಹದ್?’

‘ಅವಳಿಗೆ ಬರೆದರೆ ಅವಳು ಕಾಲೇಜಿಗೆ ಬರೆಯುತ್ತಾಳೆ. ಖಲಾಸ್. ಸ್ವಲ್ಪ ದಿನ.’

ನಾನು ತಲೆಯಾಡಿಸಿದೆ. ಕಾಯಿಲೆಯ ಮನುಷ್ಯ ಕೈ ಹಿಡಿದು ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಉಳಿದರ್ಧ, ಇಕಾಮಾದ ಕಾಗದದ ಮೇಲೆ ಅವರ ಸಹಿ ಬೇಕಿತ್ತು, ನನಗೆ ಹೆದರಿಕೆಯಿತ್ತು, ಅವರು ಬೇಡ ಎಂದದ್ದು ನನಗೆ ಒಳಗೊಳಗೇ ಹಗುರವೆನಿಸಿತ್ತು.

ಸುನಂದಾಗೆ ಹಗುರವಾಗಲಿಲ್ಲ. ‘ಅವಳಿಗೆ ಪ್ರಾಯ ಎಷ್ಟು ಗೊತ್ತುಂಟಾ ನಿಮ್ಗೆ?’ ಎಂದು ಕೇಳಿದಳು. ‘ಎಂಬತ್ತೆಂಟು’ ಎಂದೆ. ‘ಇವರು ಸಾಯುವವರೆಗೆ ಅವಳು ಕಾಯ್ಬೇಕಾ? ಅವಳಿಗೆ ಅಪ್ಪ ಬೇಕು, ಇವರಿಗೆ ಚಪ್ಪಾಳೆ ಬೇಕು. ಯಾವುದು ದೊಡ್ಡದು, ನೀವೇ ಹೇಳಿ.’ ನಾನು ಟಿವಿಯ ಶಬ್ದ ಜಾಸ್ತಿ ಮಾಡಿದೆ. ಅವಳು ಆಮೇಲೆ ಆ ವಿಷಯ ಎತ್ತಲಿಲ್ಲ, ಆದರೆ ಗೋಡೆಯ ಫೋಟೋವನ್ನು ತೆಗೆದು ಕಪಾಟಿನ ಹಿಂದೆ ಇಟ್ಟಳು.

ಆ ಮಧ್ಯೆ ಆಫೀಸನ್ನು ಸಣ್ಣ ಜಾಗಕ್ಕೆ ಬದಲಾಯಿಸಿದರು. ಪ್ಲೇಟುಗಳು ಶುವೈಖ್‌ನ ಒಂದು ತಗಡಿನ ಗೋದಾಮಿಗೆ ಹೋದವು. ಕುವೈತಿನ ಎರಡು ಬೇಸಿಗೆ ತಗಡಿನಡಿ ಕಳೆದರೆ ಗಾಜಿನ ಮೇಲಿನ ಮದ್ದು ಏನಾಗಬೇಕು. ನಾನು ಒಮ್ಮೆ ಹೋಗಿ ನೋಡಿದೆ, ಮುಖಗಳು ಹಪ್ಪಳದ ಹಾಗೆ ಎದ್ದು ಲಕೋಟೆಯ ತಳದಲ್ಲಿ ಪುಡಿಯಾಗಿ ಕೂತಿದ್ದವು. ಕೋಟು ಹಾಕಿದವರು ಇರುವ ಫೋಟೋ ಆದರೆ ಗುಂಡಿ ನೋಡಿ ಸರಿಯೋ ಉಲ್ಟಾವೋ ಎಂದು ಹೇಳಬಹುದು. ಬರೀ ಆಟದ ಅಂಗಿಯವರೇ ಇರುವ ನೂರಾರು ಫೋಟೋಗಳಿಗೆ ಇನ್ನು ದಾರಿಯಿಲ್ಲ. ಅದರಲ್ಲಿ ಯಾರು ಯಾರೆಂದು ಇನ್ನು ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ. ಅವರು ಮೊದಲು ಮರೆತುಹೋದವರಾಗಿದ್ದರು. ನಾನು ಅವರಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಹೊರಿಸಿ ಕಳಿಸಿದೆ. ಮುಟ್ಟದೆ ಹುಲ್ಲಿನಲ್ಲೇ ಬಿಟ್ಟಿದ್ದರೆ ಎಷ್ಟೋ ಮೇಲಿತ್ತು.

ಈಗ ನಿಮ್ಮ ಕಾಲಕ್ಕೆ ಯಂತ್ರವೇ ಮುಖ ಗುರುತು ಹಿಡಿಯುತ್ತದೆ, ಹೆಸರು ತಾನೇ ಹಾಕುತ್ತದೆ. ನನ್ನ ಮಗಳು ಒಮ್ಮೆ ಫೋನಿನಲ್ಲಿ ಹೋಮರ್ ಟ್ರಾಸ್ಕ್ ಎಂದು ಹಾಕಿ ನೋಡಿದಳು. ಜಜ್ಜಿದ ಕಿವಿಯವನ ಮುಖ ಬಂತು, ಬೇರೆ ಬೇರೆ ಕಡೆಗಳಿಂದ. ನಾನು ಹಾಕಿದ ಚೌಕಗಳಿಂದಲೇ ಯಂತ್ರ ಕಲಿತದ್ದು. ‘ಪಪ್ಪಾ, ಇಟ್ಸ್ ಎವ್ರಿವೇರ್’ ಎಂದಳು. ಅದನ್ನು ತಿದ್ದುವುದು ಹೇಗೆ ಎಂದು ಅವಳಿಗೂ ಗೊತ್ತಾಗಲಿಲ್ಲ. ವೆಬ್‌ಸೈಟಿನ ಪಾಸ್‌ವರ್ಡು ಅಬು ಫಹದ್ ಒಬ್ಬರಲ್ಲೇ ಇತ್ತು.

ಅವರು ಕಳೆದ ವರ್ಷ ರಂಜಾನಿನಲ್ಲಿ ತೀರಿಕೊಂಡರು. ಮಣ್ಣಿಗೆ ನಾನೂ ಐವನ್ನೂ ಹೋಗಿದ್ದೆವು. ಗಂಡುಮಕ್ಕಳು ಗೋದಾಮು ಖಾಲಿ ಮಾಡಿ ಗಾಜನ್ನೆಲ್ಲ ಗುಜರಿಗೆ ಕೊಟ್ಟರು. ಮಣ್ಣಾದ ಮೂರನೆಯ ದಿನವೇ ನಾನು ರುತ್‌ಗೆ ಬರೆಯಲು ಕೂತಿದ್ದೆ. ತಪ್ಪು ನನ್ನದು, ನನ್ನ ಕೈಯದು, ಮೊದಲಿನ ಉತ್ತರ ಬರೆದವನೂ ನಾನೇ ಎಂದು ಏನೂ ಮುಚ್ಚಿಡದೆ ಬರೆದೆ. ಸರಿಯಾದ ಫೋಟೋ ಕಳಿಸಿದೆ. ಹಿಂದಿನ ಸಾಲು, ಎಡದಿಂದ ಎರಡನೆಯವರು ನಿಮ್ಮ ತಂದೆ, ನೀವು ಹೇಳಿದ ಹಾಗೆಯೇ ಎತ್ತರ, ನಿಮ್ಮ ನೆನಪು ಸರಿ, ನನ್ನ ಪರಿಶೀಲನೆ ತಪ್ಪು ಎಂದು ಬರೆದೆ.

ಹತ್ತು ದಿನಕ್ಕೆ ಅವಳ ಮಗಳಿಂದ ಉತ್ತರ ಬಂತು. ಸುನಂದಾಗೆ ಕನ್ನಡದಲ್ಲಿ ಓದಿ ಹೇಳಿದೆ.

ಅಮ್ಮ ನಾಲ್ಕು ತಿಂಗಳ ಹಿಂದೆ, ಚಳಿಗಾಲದಲ್ಲಿ ಹೋದರು. ನಿಮ್ಮ ಮೊದಲಿನ ಕಾಗದ ಬಂದ ಮರುದಿನ ಹಾಸಿಗೆಯ ಪಕ್ಕದ ಫೋಟೋವನ್ನು ಅವರೇ ತೆಗೆದು ಹಾಕಿದರು. ನಮ್ಮ ಕಡೆ ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಅವರ ತಂದೆತಾಯಿಯ ಹೆಸರು ಹಾಕುವುದು ಪದ್ಧತಿ, ಸಮಾಧಿಯ ಕಲ್ಲಿನ ಮೇಲೂ ನಮ್ಮ ಕುಟುಂಬದಲ್ಲಿ ಹಾಕುತ್ತೇವೆ. ಅಮ್ಮ ಮೊದಲೇ ಹೇಳಿಟ್ಟಿದ್ದರು, ನನ್ನ ತಾಯಿಯ ಹೆಸರು ಮಾತ್ರ ಹಾಕಿ, ಇನ್ನೊಂದು ಹೆಸರು ಸುಳ್ಳಂತೆ, ಸುಳ್ಳನ್ನು ಕಲ್ಲಿನ ಮೇಲೆ ಕೆತ್ತುವುದು ಬೇಡ ಎಂದು. ಹಾಗೆಯೇ ಮಾಡಿದ್ದೇವೆ. ನೀವು ಕಳಿಸಿದ ಫೋಟೋ ನೋಡಿದೆ. ಎತ್ತರದ ಮನುಷ್ಯ ಕಾಣಿಸುತ್ತಾರೆ. ಇವರು ನನ್ನ ಅಜ್ಜನೇ ಇರಬಹುದು. ಆದರೆ ಇವರ ಮುಖ ನೋಡಿದ್ದವರು ಅಮ್ಮ ಒಬ್ಬರೇ, ನನಗೆ ಗುರುತು ಸಿಗುವುದಿಲ್ಲ.

ಸುನಂದಾ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಕೂತಿದ್ದಳು. ‘ಮೊದಲಿನ ಕಾಗದಕ್ಕೆ ಉತ್ತರ ಬರೀಲಿಕ್ಕೆ ನಿಮ್ಗೆ ಎಷ್ಟು ದಿನ ಹಿಡಿದಿತ್ತು?’ ಎಂದು ಕೇಳಿದಳು.

ನಾನು ಹೇಳಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ. ನಿಮಗೆ ಹೇಳುತ್ತೇನೆ. ಅಪ್ಪ ಇರಲಿಲ್ಲ ಎಂದು ಅವಳಿಗೆ ಬರೆಯಲು ನನಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಇದ್ದ ಎಂದು ಬರೆಯಲು ಎರಡು ವರ್ಷ ತೆಗೆದುಕೊಂಡೆ.